ಬಣ್ಣದ ಪೆಟ್ಟಿಗೆಯೂ ಅಣುವ್ರತವೂ

ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಬದುಕುವ ದಾರಿ ತಿಳಿಯದೆ ಕಂಗೆಟ್ಟು ನಿಂತಾಗ, ಆದಿತೀರ್ಥಂಕರ ವೃಷಭದೇವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಪುರಾಣಗಳು ಹೇಳುತ್ತವೆ. ಮಗಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದವರು ಅವರೇ. ದುಡಿದು ಉಣ್ಣುವುದು ಶ್ರಾವಕನಿಗೆ ಕೀಳಲ್ಲ, ಹೆಣ್ಣುಮಕ್ಕಳಿಗೆ ವಿದ್ಯೆ ನಿಷಿದ್ಧವಲ್ಲ ಎಂಬ ಎರಡು ಮಾತುಗಳು ಈ ಕಥೆಯಿಂದ ಸ್ಪಷ್ಟವಾಗುತ್ತವೆ. ಆದರೆ ಕಾಲ ಕಳೆದಂತೆ ಈ ಆರರಲ್ಲಿ ಯಾವುದಕ್ಕೆ ಸೇರಿಸಬೇಕೆಂದು ತಟ್ಟನೆ ಹೇಳಲಾಗದ ಹೊಸ ವೃತ್ತಿಗಳು ಹುಟ್ಟಿಕೊಳ್ಳುತ್ತವೆ. ಪ್ರಸಾಧನ ಕಂಪನಿಯೊಂದರ ಪರವಾಗಿ, ಆದರೆ ಅದರ ನೌಕರಳಾಗದೆ, ದಿನದ ಲೆಕ್ಕದಲ್ಲಿ ದುಡಿಯುವ ಮೇಕಪ್ ಕಲಾವಿದೆಯ ವೃತ್ತಿ ಅಂಥದು. ಕೈಚಳಕದ ದೃಷ್ಟಿಯಿಂದ ಅದು ಶಿಲ್ಪ. ಮಾರಾಟದ ದೃಷ್ಟಿಯಿಂದ ವಾಣಿಜ್ಯ. ಶ್ರಾವಕ ಕುಟುಂಬದ ಹೆಣ್ಣುಮಗಳೊಬ್ಬಳು ಈ ವೃತ್ತಿಗೆ ಕಾಲಿಡಬಹುದೇ ಎಂಬ ಪ್ರಶ್ನೆ ಈಗ ಅನೇಕ ಮನೆಗಳ ಊಟದ ಪಂಕ್ತಿಯಲ್ಲಿ ಕೇಳಿಬರುತ್ತಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಮೈಸೂರು ಸಂಸ್ಥಾನದ ಸರ್ಕಾರವು 1916ರಲ್ಲಿ ಆರಂಭಿಸಿದ ಸಾಬೂನು ಕಾರ್ಖಾನೆಯು ಮುಂದೆ ನೆಲೆಗೊಂಡದ್ದು ರಾಜಾಜಿನಗರದ ಅಂಚಿನಲ್ಲೇ. ಇಂದು ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರು. ವಿಜಯನಗರ, ಬಸವೇಶ್ವರನಗರಗಳಲ್ಲಿ ಕಲ್ಯಾಣ ಮಂಟಪಗಳಿಗೆ ಕೊರತೆಯಿಲ್ಲ. ರಾಜಾಜಿನಗರದ ದೊಡ್ಡ ಮಾಲುಗಳಲ್ಲಿ ದೇಶವಿದೇಶಗಳ ಪ್ರಸಾಧನ ಸಾಮಗ್ರಿಗಳ ಮಾರಾಟ ನಡೆಯುತ್ತದೆ. ನೇರಳೆ ಮಾರ್ಗದ ಮೆಟ್ರೋ 2021ರಲ್ಲಿ ಕೆಂಗೇರಿಯವರೆಗೆ ವಿಸ್ತರಿಸಿದ ಮೇಲೆ, ಬೆಳಿಗ್ಗೆ ಬಣ್ಣದ ಪೆಟ್ಟಿಗೆ ಹಿಡಿದು ಹೊರಟ ಯುವತಿ ರಾತ್ರಿಯ ಹೊತ್ತಿಗೆ ನಿಶ್ಚಿಂತೆಯಾಗಿ ಮನೆ ಸೇರಬಹುದಾಗಿದೆ.

ಕೆಂಗೇರಿ ಉಪನಗರದ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಅಂಗಡಿ ನಡೆಯದೆ ಮುಚ್ಚಿದೆ. ತಮ್ಮ ಇನ್ನೂ ಓದುತ್ತಿದ್ದಾನೆ. ಹಿರಿಯ ಮಗಳು ಕೆಲವು ತಿಂಗಳ ತರಬೇತಿ ಪಡೆದು, ಕಂಪನಿಯವರ ಮುಂದೆ ಒಬ್ಬರ ಮುಖಕ್ಕೆ ಬಣ್ಣ ಹಚ್ಚಿ ತೋರಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಶನಿವಾರ, ಭಾನುವಾರ, ಹಬ್ಬದ ದಿನಗಳಲ್ಲಿ ಕರೆ ಬರುತ್ತದೆ. ಕರೆದ ದಿನಕ್ಕಷ್ಟೇ ಸಂಬಳ. ಕರೆಯದ ದಿನ ಮದುವೆಮನೆಯ ಕೆಲಸ ಹುಡುಕಿಕೊಳ್ಳಬೇಕು. ಬ್ರಷ್ಷುಗಳನ್ನು ಸ್ವಂತ ಹಣದಿಂದ ಕೊಳ್ಳಬೇಕು. ಕೌಂಟರಿನಲ್ಲಿ ಎಷ್ಟು ಮುಖಗಳನ್ನು ಅಂದಗೊಳಿಸಿದಳು ಎಂಬುದಕ್ಕಿಂತ ಎಷ್ಟು ಸಾಮಾನು ಮಾರಾಟವಾಯಿತು ಎಂಬ ಲೆಕ್ಕವೇ ಮುಂದಿನ ವಾರದ ಕರೆಯನ್ನು ನಿರ್ಣಯಿಸುತ್ತದೆ. ಇತ್ತ ಮನೆಯಲ್ಲಿ ಅಜ್ಜಿ ಕೇಳುತ್ತಾರೆ: "ಅಲ್ಲ ಮಗಳೇ, ಕಂಡವರ ಮುಖಕ್ಕೆ ಬಣ್ಣ ಬಳಿಯೋದೂ ಒಂದು ಕಸುಬೇನಮ್ಮಾ?"

ಅಜ್ಜಿಯ ಮಾತಿನಲ್ಲಿ ಮೂರು ಆಕ್ಷೇಪಗಳು ಅಡಗಿವೆ. ಇದು ದೇಹಮೋಹವನ್ನು ಬೆಳೆಸುವ ಕೆಲಸ ಎಂಬುದು ಮೊದಲನೆಯದು. ಈ ಸಾಮಗ್ರಿಗಳಲ್ಲಿ ಜೀವಹಿಂಸೆ ಇದೆ ಎಂಬುದು ಎರಡನೆಯದು. ಸುಳ್ಳು ಹೇಳದೆ ಈ ವ್ಯಾಪಾರ ನಡೆಯದು ಎಂಬುದು ಮೂರನೆಯದು. ಹೆಣ್ಣಿಗೆ ಈ ಕೆಲಸ ತಕ್ಕುದಲ್ಲ ಎಂಬ ನಾಲ್ಕನೆಯ ಮಾತೊಂದು ಉಂಟಾದರೂ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುಂಬಯಿ ಚಿತ್ರರಂಗದ ವೃತ್ತಿಸಂಘವೊಂದು ದಶಕಗಳ ಕಾಲ ಮಹಿಳೆಯರನ್ನು ಕೇಶಾಲಂಕಾರಕ್ಕೆ ಮಾತ್ರ ಸೀಮಿತಗೊಳಿಸಿ, ಮುಖಪ್ರಸಾಧನವನ್ನು ಪುರುಷರಿಗೆ ಮೀಸಲಿಟ್ಟಿತ್ತು. ಚಾರು ಖುರಾನಾ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ನವೆಂಬರ್ 10ರಂದು ಈ ತಾರತಮ್ಯವನ್ನು ಸಂವಿಧಾನಬಾಹಿರವೆಂದು ಸಾರಿತು. ಆದ್ದರಿಂದ ವಿಚಾರಕ್ಕೆ ತಕ್ಕವು ಮೊದಲ ಮೂರು ಆಕ್ಷೇಪಗಳೇ.

ದೇಹಾಲಂಕಾರದ ಕ್ಷಣಿಕತೆಯನ್ನು ಜೈನ ಸಾಹಿತ್ಯದಷ್ಟು ತೀವ್ರವಾಗಿ ಚಿತ್ರಿಸಿದ ಸಾಹಿತ್ಯ ವಿರಳ. ಪಂಪನ ಆದಿಪುರಾಣದ ನೀಲಾಂಜನೆ ಸರ್ವಾಲಂಕಾರಭೂಷಿತೆಯಾಗಿ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಅದೃಶ್ಯಳಾಗುತ್ತಾಳೆ. ಇಂದ್ರನು ಆ ಕ್ಷಣದಲ್ಲಿಯೇ ಅವಳಂಥವಳೇ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದಿಲ್ಲ; ವೃಷಭದೇವರಿಗೆ ಮಾತ್ರ ತಿಳಿಯುತ್ತದೆ, ವೈರಾಗ್ಯ ಮೂಡುತ್ತದೆ. ಸಭೆಯ ಕಣ್ಣು ಅಲಂಕಾರದಲ್ಲಿ ನೆಟ್ಟಿತ್ತು. ಅಲಂಕಾರ ಹಾಗೆಯೇ ಇದ್ದುದರಿಂದ ವ್ಯಕ್ತಿ ಹೋದದ್ದು ಅದರ ಅರಿವಿಗೆ ಬರಲಿಲ್ಲ. ಈ ಕಥೆಯನ್ನು ಕೇಳಿ ಬೆಳೆದ ಅಜ್ಜಿಗೆ ಬಣ್ಣದ ಪೆಟ್ಟಿಗೆಯ ಬಗ್ಗೆ ಅನುಮಾನ ಮೂಡಿದರೆ ಅದು ಅಕಾರಣವಲ್ಲ.

ಆದರೆ ವೈರಾಗ್ಯ ಬೇರೆ, ಗೃಹಸ್ಥಧರ್ಮ ಬೇರೆ. ಮುನಿಗೆ ಸ್ನಾನವೂ ವರ್ಜ್ಯ, ಅಲಂಕಾರದ ಮಾತೇ ಇಲ್ಲ. ಗೃಹಸ್ಥನಿಗೆ ಶಾಸ್ತ್ರ ಹೇಳಿದ್ದು ಪರಿಮಾಣವನ್ನು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನು ಮಹಾವೀರಸ್ವಾಮಿಗಳ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವಾಗ ತನ್ನ ಸ್ನಾನಕ್ಕೆ ಎಂಟು ಕೊಡ ನೀರು ಸಾಕೆನ್ನುತ್ತಾನೆ. ಯಾವ ಎಣ್ಣೆ, ಯಾವ ಲೇಪನ, ಯಾವ ಹೂ, ಯಾವ ಆಭರಣ ಎಂದು ಒಂದೊಂದನ್ನೂ ಹೆಸರಿಸಿ ಉಳಿದುದನ್ನು ಬಿಡುತ್ತಾನೆ. ಅಗರು, ಕುಂಕುಮಕೇಸರಿ, ಚಂದನಗಳ ಲೇಪನ ಅವನ ಪಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ದಿಗಂಬರ ಪರಂಪರೆಯ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಸ್ನಾನ, ಅಂಗಲೇಪನ, ಹೂ, ತಾಂಬೂಲ, ಉಡುಗೆ, ಒಡವೆಗಳನ್ನು ಎಣಿಸಿ, ಇವುಗಳ ತ್ಯಾಗವನ್ನು ಒಂದು ದಿನಕ್ಕಾಗಲಿ, ಪಕ್ಷಕ್ಕಾಗಲಿ, ತಿಂಗಳಿಗಾಗಲಿ, ಋತುವಿಗಾಗಲಿ ಕಾಲಮಿತಿ ಹಾಕಿಕೊಂಡು ಮಾಡಬಹುದೆಂದು ಸೂಚಿಸುತ್ತಾರೆ. ಎರಡೂ ಪರಂಪರೆಗಳು ಗೃಹಸ್ಥನ ಮುಂದಿಟ್ಟದ್ದು ಅಲಂಕಾರದ ಮಿತಿಯ ಪ್ರಶ್ನೆಯನ್ನೇ ಹೊರತು ಅದರ ಸಂಪೂರ್ಣ ನಿಷೇಧವನ್ನಲ್ಲ.

ಸಮಾಜದ ಆಚರಣೆಯೂ ಇದನ್ನೇ ಹೇಳುತ್ತದೆ. ಪಂಚಕಲ್ಯಾಣ ಪೂಜೆಯಲ್ಲಿ ಇಂದ್ರ-ಇಂದ್ರಾಣಿಯರ, ನಾಭಿರಾಜ-ಮರುದೇವಿಯರ ಪಾತ್ರ ವಹಿಸುವ ದಂಪತಿಗಳು ಕಿರೀಟ, ಹಾರ, ವೇಷಭೂಷಣಗಳಿಂದ ಅಲಂಕೃತರಾಗುತ್ತಾರೆ. ದೀಕ್ಷೆಗೆ ಹೊರಟ ಯುವತಿಯನ್ನು ಮದುಮಗಳಂತೆ ಸಿಂಗರಿಸಿ ಮೆರವಣಿಗೆ ಮಾಡುವ ರೂಢಿ ಉಂಟು. ಮರುದಿನವೇ ಆಕೆಯ ಕೇಶಲೋಚನವಾದರೂ ಅಂದಿನ ಸಿಂಗಾರವನ್ನು ಯಾರೂ ತಪ್ಪೆನ್ನುವುದಿಲ್ಲ. ಆ ಸಿಂಗಾರವನ್ನು ಯಾರೋ ಒಬ್ಬಳು ಮಾಡಿರುತ್ತಾಳೆ. ಮಾಡಿಸಿಕೊಂಡವರು ಪುಣ್ಯವಂತರು, ಮಾಡಿದವಳ ಕಸುಬು ಮಾತ್ರ ಹಗುರವೆಂದರೆ ಆ ತರ್ಕ ನಿಲ್ಲದು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಹಿಂಸೆಯನ್ನು ಆಚಾರ್ಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕು. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವ ಉದ್ಯೋಗಿ ಹಿಂಸೆಯನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು. ಇಷ್ಟಾಗಿಯೂ ಎಲ್ಲ ಉದ್ಯೋಗಗಳೂ ಸಮಾನವಲ್ಲ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯ, ವಿಷವಾಣಿಜ್ಯಗಳ ಜೊತೆಗೆ ಲಾಕ್ಷಾವಾಣಿಜ್ಯವೂ ಸೇರಿದೆ. ಲಾಕ್ಷೆ ಎಂದರೆ ಅರಗು. ಮರದ ಕೊಂಬೆಗಳಿಗೆ ಮುತ್ತಿಕೊಳ್ಳುವ ಸಣ್ಣ ಕೀಟಗಳು ಸ್ರವಿಸುವ ಆ ಪದಾರ್ಥವನ್ನು ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಹಿಂದಿನ ಕಾಲದ ಸ್ತ್ರೀಯರು ಪಾದಗಳಿಗೆ ಹಚ್ಚಿಕೊಳ್ಳುತ್ತಿದ್ದ ಅಲಕ್ತಕದ ಕೆಂಪು ಬರುತ್ತಿದ್ದುದು ಈ ಅರಗಿನಿಂದಲೇ. ಇಂದು ಅದೇ ಅರಗು ಶೆಲ್ಲಾಕ್ ಎಂಬ ಹೆಸರಿನಲ್ಲಿ ಕೆಲವು ಉಗುರುಬಣ್ಣಗಳಲ್ಲಿಯೂ ಕೇಶಪ್ರಸಾಧನಗಳಲ್ಲಿಯೂ ಸೇರಿಕೊಂಡಿದೆ. ಪ್ರಸಾಧನ ಸಾಮಗ್ರಿಗಳೇ ಇಲ್ಲವೆಂದು ಭಾವಿಸಲಾದ ಆ ಪಟ್ಟಿಯಲ್ಲಿ ಅವು ಆಗಲೇ ಇದ್ದವು.

ತುಟಿಯ ಕೆಂಪಿನ ವಿಷಯ ಇನ್ನೂ ಕಠಿಣ. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ತಯಾರಿಸುತ್ತಾರೆ. ಪೆರು ದೇಶ ಇದರ ಮುಖ್ಯ ಉತ್ಪಾದಕ. ಒಂದು ಕಿಲೋ ಒಣಗಿದ ಕೀಟವೆಂದರೆ ಸುಮಾರು 1 ಲಕ್ಷ ಜೀವಗಳು. ಡಬ್ಬಿಯ ಮೇಲೆ ಇದು ಕಾರ್ಮೈನ್ ಎಂದೋ ಸಿ.ಐ. 75470 ಎಂಬ ಸಂಖ್ಯೆಯಾಗಿಯೋ ಅಚ್ಚಾಗಿರುತ್ತದೆ. ಮುತ್ತಿನಂಥ ಹೊಳಪಿಗೆ ಮೀನಿನ ಪೊರೆಯಿಂದ ತೆಗೆದ ಗ್ವಾನಿನ್, ಮೃದುತ್ವಕ್ಕೆ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್, ಗಟ್ಟಿಮಾಡಲು ಜೇನುಮೇಣ ಬಳಕೆಯಾಗುವುದುಂಟು. ಸ್ಕ್ವಾಲೇನ್ ಎಂಬ ತೈಲ ಶಾರ್ಕ್ ಮೀನಿನ ಯಕೃತ್ತಿನಿಂದಲೂ ಬರಬಹುದು, ಆಲಿವ್ ಅಥವಾ ಕಬ್ಬಿನಿಂದಲೂ ಬರಬಹುದು. ಹೆಸರಷ್ಟನ್ನೇ ನೋಡಿದರೆ ಮೂಲ ತಿಳಿಯದು. ಇವೆಲ್ಲಕ್ಕೂ ಸಸ್ಯಮೂಲದ ಅಥವಾ ಖನಿಜಮೂಲದ ಬದಲಿಗಳಿವೆ. ಅನಿವಾರ್ಯವೆಂಬ ಮಾತು ಇಲ್ಲಿ ಸುಲಭವಾಗಿ ಸಲ್ಲುವುದಿಲ್ಲ.

ಕಾನೂನು ಸ್ವಲ್ಪ ದಾರಿ ಸವೆಸಿದೆ. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ಅದೇ ವರ್ಷ ತಡೆಯಿತು. ಪುಣೆಯ ಬ್ಯೂಟಿ ವಿಥೌಟ್ ಕ್ರುವೆಲ್ಟಿ ಸಂಸ್ಥೆಯಂಥವು ದಶಕಗಳಿಂದ ಈ ವಿಷಯದಲ್ಲಿ ಜನಜಾಗೃತಿ ಮಾಡುತ್ತ ಬಂದಿವೆ. ಆದರೆ ಪ್ರಾಣಿಪರೀಕ್ಷೆ ಇಲ್ಲವೆಂಬ ಮಾತಿಗೂ ಪ್ರಾಣಿಜನ್ಯ ಪದಾರ್ಥವಿಲ್ಲವೆಂಬ ಮಾತಿಗೂ ಅಂತರವಿದೆ. ಮೊಲದ ಚಿತ್ರವಿರುವ ಡಬ್ಬಿಯಲ್ಲಿಯೂ ಕೀಟದ ಕೆಂಪು ಇರಬಹುದು. ಈ ಅಂತರವನ್ನು ಅರಿಯುವುದು ಕಲಿಕೆಯ ಮೊದಲ ಪಾಠವಾಗಬೇಕು.

ಇಷ್ಟನ್ನು ಹೇಳಿದ ಮೇಲೆ ಒಂದು ಮಾತನ್ನು ಮರೆಯಬಾರದು. ಹಳೆಯದೆಲ್ಲ ನಿರ್ದೋಷ, ಹೊಸದೆಲ್ಲ ಸದೋಷ ಎಂಬುದು ಸರಿಯಲ್ಲ. ಕಸ್ತೂರಿಗಾಗಿ ಮೃಗಗಳನ್ನು ಕೊಂದ ಕಾಲ ದೀರ್ಘವಾದುದು. ಕೋಶದೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು ನೂಲು ತೆಗೆದ ರೇಷ್ಮೆಸೀರೆಯನ್ನು ಉಟ್ಟ ಮದುಮಗಳ ಪಕ್ಕದಲ್ಲಿ ನಿಂತು, ಲಿಪ್‌ಸ್ಟಿಕ್ಕಿನ ಹಿಂಸೆಯನ್ನು ಮಾತ್ರ ಎತ್ತಿ ಆಡುವುದು ನ್ಯಾಯವಲ್ಲ. ಸಾವಿರಾರು ರೂಪಾಯಿಯ ಸೀರೆಯನ್ನು ಕೊಂಡವರನ್ನು ಕೇಳದ ಪ್ರಶ್ನೆಯನ್ನು ದಿನಗೂಲಿಗೆ ಬಂದ ಹುಡುಗಿಯನ್ನು ಕೇಳುವುದರಲ್ಲಿ ಧರ್ಮಕ್ಕಿಂತ ಅಧಿಕಾರವೇ ಹೆಚ್ಚು.

ಮೂರನೆಯ ಆಕ್ಷೇಪ ಮಾತಿಗೆ ಸಂಬಂಧಿಸಿದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೆಲವನ್ನು ಕೌಂಟರಿನ ಮುಂದಿಟ್ಟು ಓದಿದರೆ ಅವು ಇಂದಿನ ವೃತ್ತಿಗೇ ಬರೆದಂತೆ ತೋರುತ್ತವೆ.

ಮಿಥ್ಯೋಪದೇಶವೆಂದರೆ ತಪ್ಪು ದಾರಿ ತೋರುವ ಮಾತು. ಚರ್ಮಕ್ಕೆ ಹೊಂದದ ಬಣ್ಣವನ್ನು ಹೊಂದುತ್ತದೆಂದು ಹೇಳುವುದು, ಒಂದು ಡಬ್ಬಿ ಸಾಕಾದವರಿಗೆ ನಾಲ್ಕು ಬೇಕೆಂದು ನಂಬಿಸುವುದು, ಕಲೆ ಮುಚ್ಚುವ ಸಾಮಗ್ರಿಯನ್ನು ಕಲೆ ವಾಸಿಮಾಡುವ ಔಷಧವೆಂಬಂತೆ ಮಾತನಾಡುವುದು ಇದರೊಳಗೆ ಬರುತ್ತವೆ. ಇವುಗಳಲ್ಲಿ ಅತ್ಯಂತ ಹಳೆಯ ಸುಳ್ಳು ಬಿಳುಪಿನ ಸುಳ್ಳು. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಕ್ರೀಮೊಂದು ತನ್ನ ಹೆಸರಿನಲ್ಲಿದ್ದ ಬಿಳುಪಿನ ಪದವನ್ನು ಕೈಬಿಟ್ಟದ್ದು 2020ರಲ್ಲಿ. ಹೆಸರು ಬದಲಾದರೂ, ಮದುಮಗಳನ್ನು ಎರಡು ಛಾಯೆ ಬೆಳ್ಳಗೆ ಮಾಡಿಕೊಡಬೇಕೆಂಬ ಬೇಡಿಕೆ ಮದುವೆಮನೆಗಳಲ್ಲಿ ನಿಂತಿಲ್ಲ. ಜೈನ ದರ್ಶನಕ್ಕೆ ಈ ಹಂಬಲ ಪರಕೀಯ. ದೇಹದ ಬಣ್ಣ ನಾಮಕರ್ಮದ ಫಲ, ಅದು ದ್ರವ್ಯಲೇಶ್ಯೆ. ಕಷಾಯಗಳಿಂದ ಆತ್ಮಪರಿಣಾಮದಲ್ಲಿ ತೋರುವುದು ಭಾವಲೇಶ್ಯೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯ ಕಡೆಗೆ ಸಾಗಬೇಕಾದದ್ದು ಭಾವ, ಚರ್ಮವಲ್ಲ. ಮುನಿಸುವ್ರತರೂ ನೇಮಿನಾಥರೂ ಶ್ಯಾಮವರ್ಣದವರು. ಅವರ ಬಿಂಬದ ಮುಂದೆ ಕೈಮುಗಿದು ಹೊರಬಂದವರು ಮಗಳ ಕಪ್ಪನ್ನು ಕೊರತೆಯೆಂದರೆ ದರ್ಶನ ಕಣ್ಣಿಗೆ ಮಾತ್ರ ಆದಂತಾಯಿತು. ಬಿಳುಪಿನ ಹಂಬಲ ಪ್ರಾಣಕ್ಕೂ ಎರವಾಗಬಲ್ಲದು: 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸವಿದ್ದ ಬಿಳುಪಿನ ಕ್ರೀಮುಗಳನ್ನು ಬಳಸಿದವರಿಗೆ ಮೂತ್ರಪಿಂಡದ ರೋಗ ತಗುಲಿದ್ದನ್ನು ವೈದ್ಯರು ಗುರುತಿಸಿದರು.

ರಹೋಭ್ಯಾಖ್ಯಾನವೆಂದರೆ ಏಕಾಂತದಲ್ಲಿ ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡುವುದು. ಮದುಮಗಳ ಕೋಣೆಯಲ್ಲಿ ಒಂದೆರಡು ಗಂಟೆ ಕಳೆಯುವ ಕಲಾವಿದೆಗೆ ತೊನ್ನಿನ ಕಲೆ, ಸುಟ್ಟ ಗಾಯ, ಕಣ್ಣೀರು, ಕೆಲವೊಮ್ಮೆ ಮನಸ್ಸಿಲ್ಲದ ಮದುವೆಯ ಸುಳಿವು ಕಾಣಿಸುತ್ತದೆ. ಅವನ್ನು ಕೋಣೆಯ ಹೊಸ್ತಿಲಿನಾಚೆಗೆ ತರದಿರುವುದೂ ವ್ರತವೇ. ಮೇಕಪ್ಪಿನ ಮೊದಲಿನ ಮುಖವನ್ನೂ ಅನಂತರದ ಮುಖವನ್ನೂ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸುವುದು ಇದೇ ಅತಿಚಾರದ ಇಂದಿನ ರೂಪ.

ಪ್ರತಿರೂಪಕ ವ್ಯವಹಾರವೆಂದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು. ಹೆಸರಾಂತ ಕಂಪನಿಯ ಖಾಲಿ ಡಬ್ಬಿಗೆ ಅಗ್ಗದ ಸಾಮಾನು ತುಂಬಿ, ದುಬಾರಿ ದರ ವಸೂಲು ಮಾಡುವುದು ಹೊಸಬರನ್ನು ಸೆಳೆಯುವ ದೊಡ್ಡ ಆಮಿಷ. ಅವಧಿ ಮೀರಿದ್ದನ್ನು ಬಳಸುವುದೂ ಇದಕ್ಕೆ ಹತ್ತಿರದ್ದು. ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ಬರೆದಿದ್ದರೆ, ಬಾಯಿ ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಬಳಸಬಹುದೆಂದು ಅರ್ಥ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಮರ್ಯಾದೆ ಹಾಕಿಕೊಂಡು ಅಡುಗೆ ಮಾಡುವ ಮನೆಗಳ ಮಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಕಣ್ಣಿಗೆ ತಾಗಿದ ಕಡ್ಡಿಯನ್ನು ಇನ್ನೊಬ್ಬರ ಕಣ್ಣಿಗೆ ತಾಗಿಸಬಾರದು, ಬ್ರಷ್ಷನ್ನು ಪ್ರತಿಸಲ ತೊಳೆದು ಒಣಗಿಸಬೇಕು ಎಂಬ ನಿಯಮಗಳು ವೃತ್ತಿಯ ಶಿಸ್ತೂ ಹೌದು, ಯತ್ನಾಚಾರವೂ ಹೌದು.

ಹೀಗೆ ನೋಡಿದಾಗ ವೃತ್ತಿ ತನ್ನಷ್ಟಕ್ಕೆ ನಿಷಿದ್ಧವಲ್ಲ. ನಿಷಿದ್ಧವಾದ ಕೆಲವು ಪದಾರ್ಥಗಳೂ ಮಾತುಗಳೂ ಅದರಲ್ಲಿವೆ. ಆದರೆ ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿಂದ. ಕೆಂಗೇರಿಯ ಆ ಯುವತಿಗೆ ಕೆಲಸ ಸಿಕ್ಕಿರುವ ಕಂಪನಿಯ ಕೆಂಪು ಲಿಪ್‌ಸ್ಟಿಕ್ಕಿನಲ್ಲಿ ಕಾರ್ಮೈನ್ ಇದೆ ಎಂದಿಟ್ಟುಕೊಂಡರೆ ಅವಳು ಏನು ಮಾಡಬೇಕು? ತಾನು ಹಚ್ಚಿಕೊಳ್ಳದಿದ್ದರೆ ಸಾಕೇ? ಸಾಲದು. ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಾಗಿಲುಗಳಿಂದ ಕರ್ಮ ಒಳಬರುತ್ತದೆ. ಕೊಳ್ಳಿರೆಂದು ಒಲಿಸುವುದು ಕಾರಿತಕ್ಕೆ ಸಮೀಪ. ಹಾಗೆಂದು ಕೆಲಸವನ್ನೇ ಬಿಡಲಿ ಎಂದರೆ ಆ ತಿಂಗಳ ಬಾಡಿಗೆಯನ್ನು ಕಟ್ಟುವವರಾರು?

ಅವಳ ವೃತ್ತಿಯ ಸ್ವರೂಪದಲ್ಲಿಯೇ ಒಂದು ಕಿರುದಾರಿ ಇದೆ. ಅವಳು ನೌಕರಳಲ್ಲ; ಕರೆಗೆ ಒಪ್ಪುವುದೂ ಬಿಡುವುದೂ ಅವಳಿಗೆ ಸೇರಿದ್ದು. ಈ ಸ್ವಾತಂತ್ರ್ಯ ಅತಿ ಹೆಚ್ಚು ಬೆಲೆಬಾಳುವುದು ಆರಂಭದಲ್ಲಿ, ಪೆಟ್ಟಿಗೆ ಇನ್ನೂ ಖಾಲಿ ಇರುವಾಗ. ಒಂದು ಸಲ ಸಾಲ ಮಾಡಿ ಸಾಮಾನು ತುಂಬಿಕೊಂಡರೆ ಆ ಸಾಮಾನನ್ನು ಬಳಸಿ ಮುಗಿಸಲೇಬೇಕಾಗುತ್ತದೆ. ಆದ್ದರಿಂದ ಆನಂದ ಶ್ರಾವಕನಂತೆ ಮೊದಲೇ ಪಟ್ಟಿ ಮಾಡುವುದು ವಿವೇಕ: ತನ್ನ ಪೆಟ್ಟಿಗೆಯಲ್ಲಿ ಯಾವ ಪದಾರ್ಥ ಇರುವುದಿಲ್ಲ, ಕೌಂಟರಿನಲ್ಲಿ ಯಾವುದನ್ನು ತಾನಾಗಿ ಮುಂದೊಡ್ಡುವುದಿಲ್ಲ, ಕೇಳಿದವರಿಗೆ ಯಾವುದನ್ನು ಮರೆಮಾಚುವುದಿಲ್ಲ ಎಂದು. ಕೀಟಜನ್ಯ ಬಣ್ಣವಿಲ್ಲದ ಛಾಯೆಗಳೂ ಅದೇ ಕೌಂಟರಿನಲ್ಲಿದ್ದರೆ ಅವನ್ನೇ ತೋರಿಸಬಹುದು. ಸುಳ್ಳು ಹೇಳಲೇಬೇಕೆಂದು ಒತ್ತಾಯಿಸುವ ಕೌಂಟರನ್ನು ಬಿಟ್ಟು, ಸಂಬಳ ಕಡಿಮೆಯಾದರೂ ಸತ್ಯಕ್ಕೆ ಎಡೆಯಿರುವ ಕಡೆಗೆ ಹೋಗಬಹುದು. ಒಂದೇ ದಿನದಲ್ಲಿ ಎಲ್ಲವೂ ಸಾಧ್ಯವಾಗದಿರಬಹುದು. ಅಣುವ್ರತವೆಂಬ ಹೆಸರೇ ಸಣ್ಣದರಿಂದ ತೊಡಗುವ ಅನುಮತಿ ನೀಡುತ್ತದೆ. ಆದರೆ ಈ ಆಯ್ಕೆಗಳೆಲ್ಲ ನಷ್ಟದ ಬಾಬತ್ತುಗಳು. ಮಾರಾಟ ತಗ್ಗುತ್ತದೆ, ಕರೆ ತಗ್ಗುತ್ತದೆ, ಆದಾಯ ತಗ್ಗುತ್ತದೆ. ವ್ರತದ ಬೆಲೆಯನ್ನು ಅವಳೊಬ್ಬಳೇ ತೆರಬೇಕಾಗುತ್ತದೆ.

ಅದು ನ್ಯಾಯವೇ ಎಂಬುದು ಸಮಾಜ ಕೇಳಿಕೊಳ್ಳಬೇಕಾದ ಪ್ರಶ್ನೆ. ಕೃತ-ಕಾರಿತ-ಅನುಮೋದನಗಳ ನಿಯಮ ಪಾಪಕ್ಕೆ ಮಾತ್ರ ಅನ್ವಯಿಸುವುದಲ್ಲ, ಪುಣ್ಯಕ್ಕೂ ಅನ್ವಯಿಸುತ್ತದೆ. ಮದುಮಗಳನ್ನು ಬೆಳ್ಳಗೆ ಮಾಡಿಕೊಡೆಂದು ಕೇಳುವ ತಾಯಿ ಆ ಸುಳ್ಳಿನ ಕಾರಯಿತ್ರಿ. ಇದ್ದ ಬಣ್ಣವನ್ನೇ ಅಂದವಾಗಿಸೆಂದು ಹೇಳುವ ತಾಯಿ ಆ ಸತ್ಯದ ಪಾಲುದಾರಳು. ಸೀರೆಗೆ, ಊಟಕ್ಕೆ, ಹೂವಿನ ಅಲಂಕಾರಕ್ಕೆ ಚೌಕಾಸಿ ಮಾಡದೆ ಕೊಟ್ಟು, ಕಲಾವಿದೆಗೆ ಮಾತ್ರ ಮುಹೂರ್ತ ಮುಗಿದ ಮೇಲೆ ಅರ್ಧ ಹಣ ಕೊಟ್ಟು ಉಳಿದುದನ್ನು ನಾಳೆಗೆ ತಳ್ಳುವ ರೂಢಿ ಕೆಲವೆಡೆ ಇದೆ. ಅದೂ ಅಚೌರ್ಯಕ್ಕೆ ಹೊರತಾದುದಲ್ಲ. ಅಹಿಂಸಕ ಸಾಮಗ್ರಿ ಬೇಕೆನ್ನುವ ಮನೆ ಅದಕ್ಕೆ ತಗುಲುವ ಹೆಚ್ಚಿನ ಬೆಲೆಯನ್ನು ಕೇಳದೆಯೇ ಕೊಡಬೇಕು.

ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಪಂಚಕಲ್ಯಾಣ, ಮೆರವಣಿಗೆ, ಸಾಮೂಹಿಕ ವಿವಾಹಗಳ ಅಲಂಕಾರಕ್ಕೆ ಕೀಟಜನ್ಯ, ಪ್ರಾಣಿಜನ್ಯ ಪದಾರ್ಥಗಳಿಲ್ಲದ ಸಾಮಗ್ರಿಯನ್ನೇ ಬಳಸಬೇಕೆಂದು ನಿರ್ಣಯಿಸಿ, ಅದನ್ನು ಬಲ್ಲ ಸಮಾಜದ ಹೆಣ್ಣುಮಕ್ಕಳನ್ನೇ ಗೊತ್ತುಪಡಿಸಿ, ಗೊತ್ತಾದ ಹಣವನ್ನು ಅಂದೇ ಕೊಡಬಹುದು. ವಿದ್ಯಾರ್ಥಿವೇತನದ ನಿಧಿಯಿಂದ ಎಂಜಿನಿಯರಿಂಗ್, ವೈದ್ಯಕೀಯ ವಿದ್ಯಾರ್ಥಿಗಳಿಗೆ ನೆರವಾಗುವಂತೆ, ಕೈಕಸುಬು ಕಲಿತವಳ ಮೊದಲ ಪೆಟ್ಟಿಗೆಗೂ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡಬಹುದು. ಡಬ್ಬಿಯ ಮೇಲಿನ ಹೆಸರುಗಳನ್ನೂ ಸಂಖ್ಯೆಗಳನ್ನೂ ಓದಿ ಅರ್ಥಮಾಡಿಕೊಳ್ಳುವುದನ್ನು ರಸಾಯನಶಾಸ್ತ್ರ ಬಲ್ಲವರೊಬ್ಬರಿಂದ ಒಂದು ಭಾನುವಾರ ಹೇಳಿಸಬಹುದು. ಅದರಿಂದ ಕಲಾವಿದೆಯರಿಗಷ್ಟೇ ಅಲ್ಲ, ಕೊಳ್ಳುವ ಎಲ್ಲ ಮನೆಗಳಿಗೂ ಪ್ರಯೋಜನ.

ಅಜ್ಜಿಯ ಪ್ರಶ್ನೆ ತಪ್ಪಾದುದಲ್ಲ. ಅದನ್ನು ಮೊಮ್ಮಗಳ ಮುಂದೆ ಮಾತ್ರ ಇಟ್ಟದ್ದು ಅರೆಯಾಯಿತು. ಪೆಟ್ಟಿಗೆಯೊಳಗೆ ಏನಿರಬೇಕೆಂದು ಕೇಳುವ ಹಕ್ಕು ಯಾರಿಗಿದೆಯೋ, ಆ ಪೆಟ್ಟಿಗೆಯ ಬೆಲೆಯಲ್ಲಿ ಪಾಲು ಹೊರುವ ಹೊಣೆಯೂ ಅವರಿಗಿದೆ.